ಪೆನ್ಸಿಲಿನಲ್ಲಿ ಬರೆದ ಅರ್ಜಿ

ಲೋಕದ ಇತಿಹಾಸದಲ್ಲಿ ಹೆಸರು ಉಳಿಸಿಹೋದವರಲ್ಲಿ ರಾಜರುಂಟು, ವೀರಯೋಧರುಂಟು, ಸಂತರುಂಟು, ವಿಜ್ಞಾನಿಗಳುಂಟು. ಕ್ಲಾರೆನ್ಸ್ ಅರ್ಲ್ ಗಿಡಿಯನ್ ಇವರಾರ ಸಾಲಿಗೂ ಸೇರಿದವನಲ್ಲ. ಅವನು ಎಂಟನೆಯ ತರಗತಿಯ ಆಚೆಗೆ ಓದಿದವನಲ್ಲ. ಕೈಯಲ್ಲಿ ಹಣವಿಲ್ಲದವನು, ಬಂಧುಬಳಗದ ಆಸರೆಯಿಲ್ಲದವನು. ಬಾಳಿನ ಹಲವು ವರ್ಷಗಳನ್ನು ಸೆರೆಮನೆಗಳಲ್ಲಿ ಕಳೆದವನು. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾನೂನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಅವನ ಹೆಸರನ್ನು ಓದುತ್ತಾನೆ. ಬಡವನಾದ ಆಪಾದಿತನಿಗೂ ವಕೀಲನ ನೆರವು ದೊರೆಯಬೇಕೆಂಬ ತತ್ತ್ವವು ಆ ದೇಶದಲ್ಲಿ ಅವನ ಹೆಸರಿನ ಮೊಕದ್ದಮೆಯಿಂದಲೇ ನೆಲೆಗೊಂಡಿತು.

ಗಿಡಿಯನ್ನನು 1910ನೆಯ ಇಸವಿ ಆಗಸ್ಟ್ 30ರಂದು ಮಿಸೌರಿ ರಾಜ್ಯದ ಹ್ಯಾನಿಬಲ್ ಎಂಬ ಊರಿನಲ್ಲಿ ಜನಿಸಿದನು. ಮಿಸಿಸಿಪ್ಪಿ ನದಿಯ ದಡದಲ್ಲಿರುವ ಈ ಊರು ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನನು ಬಾಲ್ಯವನ್ನು ಕಳೆದ ಸ್ಥಳ. ಮಗುವಿಗೆ ಮೂರು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿ ಮರುಮದುವೆಯಾದಳು. ಮನೆಯ ಕಟ್ಟುಪಾಡುಗಳು ಬಲು ಬಿಗಿಯಾಗಿದ್ದವು. ಹುಡುಗನ ಮನಸ್ಸು ಅವುಗಳಿಗೆ ಒಗ್ಗಲಿಲ್ಲ. ಹದಿನಾಲ್ಕರ ಹರೆಯದಲ್ಲಿ ಅವನು ಮನೆಯನ್ನೂ ಶಾಲೆಯನ್ನೂ ತೊರೆದು ಊರೂರು ಅಲೆಯತೊಡಗಿದನು. ಹದಿನಾರನೆಯ ವಯಸ್ಸಿನಲ್ಲಿ ಬಟ್ಟೆಗಳನ್ನು ಕದ್ದ ಅಪರಾಧಕ್ಕಾಗಿ ಬಾಲಾಪರಾಧಿಗಳ ಸುಧಾರಣಾ ಶಾಲೆಯನ್ನು ಸೇರಬೇಕಾಯಿತು.

ಅಲ್ಲಿಂದ ಹೊರಬಂದ ಮೇಲೆ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ಆದರೆ ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಕೆಲಸ ತಪ್ಪಿದಾಗ ಕಳ್ಳತನ, ಕಳ್ಳತನದ ಬೆನ್ನಲ್ಲೇ ಸೆರೆವಾಸ, ಬಿಡುಗಡೆಯಾದ ಮೇಲೆ ಮತ್ತೆ ನಿರುದ್ಯೋಗ: ಹೀಗೆ ಅವನ ಯೌವನವು ಕಳೆದುಹೋಯಿತು. ನಡುವಯಸ್ಸಿನಲ್ಲಿ ಕ್ಷಯರೋಗವೂ ಅವನನ್ನು ಕಾಡಿತು. ಕೊನೆಗೆ ಅವನು ಫ್ಲಾರಿಡಾ ರಾಜ್ಯದ ಪನಾಮ ಸಿಟಿ ಎಂಬ ಕಡಲತೀರದ ಊರಿಗೆ ಬಂದು ನೆಲೆಸಿದನು. ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ, ಆಗಾಗ ಜೂಜಾಡುತ್ತ ಹೇಗೋ ಹೊಟ್ಟೆ ಹೊರೆಯುತ್ತಿದ್ದನು. ಆ ವೇಳೆಗೆ ಅವನಿಗೆ ಐವತ್ತು ವರ್ಷ. ದುಃಖ, ದಾರಿದ್ರ್ಯಗಳಿಂದ ಮುಖ ಸುಕ್ಕುಗಟ್ಟಿ, ಕೂದಲು ನರೆತು, ಅವನು ವಯಸ್ಸಿಗೆ ಮೀರಿದ ಮುದುಕನಂತೆ ಕಾಣುತ್ತಿದ್ದನು.

1961ನೆಯ ಇಸವಿ ಜೂನ್ 3ರ ಬೆಳಗಿನ ಜಾವದಲ್ಲಿ ಪನಾಮ ಸಿಟಿಯ ಬಿಲಿಯರ್ಡ್ಸ್ ಆಟದ ಮನೆಯೊಂದಕ್ಕೆ ಯಾರೋ ನುಗ್ಗಿದರು. ಸಿಗರೇಟು ಮಾರುವ ಯಂತ್ರವನ್ನೂ ಹಾಡು ನುಡಿಸುವ ಯಂತ್ರವನ್ನೂ ಒಡೆದು, ಅವುಗಳಲ್ಲಿದ್ದ ಚಿಲ್ಲರೆ ಹಣವನ್ನು ಅಪಹರಿಸಿದರು. ಬೆಳಗಿನ ಐದೂವರೆ ಗಂಟೆಯ ಸುಮಾರಿಗೆ ಗಿಡಿಯನ್ನನನ್ನು ಆ ಕಟ್ಟಡದೊಳಗೆ ಕಂಡೆನೆಂದು ಒಬ್ಬನು ಪೊಲೀಸರಿಗೆ ತಿಳಿಸಿದನು. ಅಂದೇ ಗಿಡಿಯನ್ನನ ಬಂಧನವಾಯಿತು. ಅವನ ಜೇಬಿನಲ್ಲಿ ಚಿಲ್ಲರೆ ನಾಣ್ಯಗಳು ತುಂಬಿದ್ದವು. ಕಳುವಾದ ಹಣ ಅತ್ಯಲ್ಪವೇ ಆದರೂ, ಕಳ್ಳತನದ ಉದ್ದೇಶದಿಂದ ಕಟ್ಟಡವೊಂದನ್ನು ಒಡೆದು ಒಳಹೊಗುವುದು ಫ್ಲಾರಿಡಾದ ಕಾನೂನಿನಂತೆ ಘೋರವಾದ ಅಪರಾಧವಾಗಿದ್ದಿತು.

ಆಗಸ್ಟ್ 4ರಂದು ವಿಚಾರಣೆ ನಡೆಯಿತು. ನ್ಯಾಯಾಧೀಶರು ರಾಬರ್ಟ್ ಮೆಕ್ರೇರಿ ಎಂಬವರು. ಅಲ್ಲಿನ ಪದ್ಧತಿಯಂತೆ ಆರು ಮಂದಿ ಸಾಮಾನ್ಯ ನಾಗರಿಕರು ಜ್ಯೂರಿಗಳಾಗಿ ಕುಳಿತರು. ಸಾಕ್ಷ್ಯವನ್ನು ಕೇಳಿ, ಆಪಾದಿತನು ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಣಯಿಸುವುದು ಅವರ ಕರ್ತವ್ಯ. ವಿಚಾರಣೆಯು ಆರಂಭವಾಗುವ ಮುನ್ನವೇ ಗಿಡಿಯನ್ನನು ಎದ್ದು ನಿಂತು, ತನಗೆ ವಕೀಲನಿಲ್ಲವೆಂದೂ, ವಕೀಲನನ್ನು ಗೊತ್ತುಮಾಡಿಕೊಳ್ಳಲು ಹಣವಿಲ್ಲವೆಂದೂ, ನ್ಯಾಯಾಲಯವೇ ಒಬ್ಬನನ್ನು ನೇಮಿಸಿಕೊಡಬೇಕೆಂದೂ ಬೇಡಿಕೊಂಡನು. ಮರಣದಂಡನೆಗೆ ಗುರಿಮಾಡಬಹುದಾದ ಅಪರಾಧಗಳಲ್ಲಿ ಮಾತ್ರ ಫ್ಲಾರಿಡಾದ ಕಾನೂನು ಹಾಗೆ ನೇಮಿಸಲು ಅವಕಾಶ ಕೊಟ್ಟಿದ್ದಿತು. ಆದುದರಿಂದ ನ್ಯಾಯಾಧೀಶರು ವಿಷಾದದಿಂದಲೇ ಅವನ ಬೇಡಿಕೆಯನ್ನು ನಿರಾಕರಿಸಿದರು. ಗಿಡಿಯನ್ನನು ಸುಮ್ಮನಾಗಲಿಲ್ಲ. ತನಗೆ ವಕೀಲನ ನೆರವು ಪಡೆಯುವ ಹಕ್ಕಿದೆಯೆಂದು ದೇಶದ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆಯೆಂದು ವಾದಿಸಿದನು. ವಾಸ್ತವವಾಗಿ ಆ ನ್ಯಾಯಾಲಯವು ಹಾಗೆ ಹೇಳಿರಲಿಲ್ಲ. ಗಿಡಿಯನ್ನನ ನಂಬಿಕೆ ಅಂದಿನ ಕಾನೂನಿಗೆ ವಿರುದ್ಧವಾಗಿದ್ದಿತು.

ಬೇರೆ ದಾರಿ ಕಾಣದೆ ಅವನು ತನ್ನ ಪರವಾಗಿ ತಾನೇ ವಾದಿಸಲು ನಿಂತನು. ಎದುರಿಗೆ ಕಾನೂನನ್ನು ಅರಗಿಸಿಕೊಂಡ ಸರ್ಕಾರಿ ವಕೀಲ. ಈ ಕಡೆ ಶಾಲೆಯನ್ನು ನಡುವೆಯೇ ಬಿಟ್ಟ ಒಬ್ಬ ಬಡವ. ಆದರೂ ಗಿಡಿಯನ್ನನು ತನಗೆ ಸಾಧ್ಯವಿದ್ದುದೆಲ್ಲವನ್ನೂ ಮಾಡಿದನು. ಜ್ಯೂರಿಗಳಿಗೆ ತನ್ನ ನಿಲುವನ್ನು ವಿವರಿಸಿದನು. ಎದುರುಪಕ್ಷದ ಸಾಕ್ಷಿಗಳಿಗೆ ಪಾಟೀಸವಾಲು ಹಾಕಿದನು. ತನ್ನ ಕಡೆಯ ಸಾಕ್ಷಿಗಳನ್ನು ಕರೆಯಿಸಿದನು. ತಾನು ನಿರಪರಾಧಿಯೆಂದು ಕೊನೆಯಲ್ಲಿ ಚಿಕ್ಕದಾಗಿ ನಿವೇದಿಸಿಕೊಂಡನು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕು, ಯಾವ ಮಾತಿಗೆ ಆಕ್ಷೇಪಣೆ ಎತ್ತಬೇಕು, ಸಾಕ್ಷಿಯ ಹೇಳಿಕೆಯಲ್ಲಿ ಬಿರುಕು ಎಲ್ಲಿದೆ ಎಂಬುದನ್ನು ಅರಿಯಲು ತರಬೇತಿ ಬೇಕು. ಅದು ಅವನಲ್ಲಿರಲಿಲ್ಲ. ಜ್ಯೂರಿಗಳು ಅವನನ್ನು ಅಪರಾಧಿಯೆಂದು ತೀರ್ಮಾನಿಸಿದರು. ನ್ಯಾಯಾಧೀಶರು ಐದು ವರ್ಷಗಳ ಸೆರೆವಾಸವನ್ನು ವಿಧಿಸಿದರು. ಆ ಅಪರಾಧಕ್ಕೆ ಕೊಡಬಹುದಾಗಿದ್ದ ಅತಿ ಹೆಚ್ಚಿನ ಶಿಕ್ಷೆಯೇ ಅದು.

ಗಿಡಿಯನ್ನನನ್ನು ರೇಫರ್ಡ್ ಎಂಬಲ್ಲಿದ್ದ ರಾಜ್ಯ ಸೆರೆಮನೆಗೆ ಕಳುಹಿಸಲಾಯಿತು. ಬೇರೊಬ್ಬನಾಗಿದ್ದರೆ ಹಣೆಬರಹವೆಂದು ಬಗೆದು ಶಿಕ್ಷೆಯನ್ನು ಅನುಭವಿಸುತ್ತಿದ್ದನೇನೋ. ಗಿಡಿಯನ್ನನಲ್ಲಿ ಒಂದು ಬಗೆಯ ಹಟವಿದ್ದಿತು. ಅವನು ಸೆರೆಮನೆಯಲ್ಲಿ ದೊರಕಿದ ಕಾನೂನಿನ ಗ್ರಂಥಗಳನ್ನು ಓದತೊಡಗಿದನು. ಮೊದಲು ಫ್ಲಾರಿಡಾ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿಯೊಂದನ್ನು ಸಲ್ಲಿಸಿದನು. ಒಬ್ಬ ವ್ಯಕ್ತಿಯನ್ನು ಕಾನೂನಿಗೆ ಹೊರತಾಗಿ ಸೆರೆಯಲ್ಲಿಟ್ಟಿದ್ದಾರೆಂದು ನ್ಯಾಯಾಲಯದ ಮೊರೆಹೊಗುವ ಕ್ರಮವಿದು. ಆ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಇನ್ನು ಉಳಿದಿದ್ದುದು ಒಂದೇ ಬಾಗಿಲು. ಅದು ವಾಷಿಂಗ್ಟನ್ ನಗರದಲ್ಲಿದ್ದ ಅಮೆರಿಕದ ಸರ್ವೋಚ್ಚ ನ್ಯಾಯಾಲಯ.

ಸೆರೆಮನೆಯವರು ಕೊಡುತ್ತಿದ್ದ ಗೆರೆಹಾಕಿದ ಕಾಗದದ ಮೇಲೆ ಗಿಡಿಯನ್ನನು ಪೆನ್ಸಿಲಿನಿಂದ ದಪ್ಪ ದಪ್ಪ ಅಕ್ಷರಗಳಲ್ಲಿ ತನ್ನ ಮನವಿಯನ್ನು ಬರೆದನು. ಕಾಗುಣಿತದ ತಪ್ಪುಗಳು ಅದರಲ್ಲಿ ಬೇಕಾದಷ್ಟಿದ್ದವು. ಆದರೆ ಹೇಳಬೇಕಾದ ವಿಷಯ ಮಾತ್ರ ಸ್ಪಷ್ಟವಾಗಿದ್ದಿತು. ವಕೀಲನ ನೆರವಿಲ್ಲದೆ ತನ್ನನ್ನು ವಿಚಾರಣೆಗೆ ಗುರಿಮಾಡಿದುದು ಸಂವಿಧಾನಕ್ಕೆ ವಿರುದ್ಧವೆಂಬುದೇ ಅದರ ಸಾರ. ಬಡವರು ಶುಲ್ಕವಿಲ್ಲದೆ ಅರ್ಜಿ ಸಲ್ಲಿಸಲು ಆ ನ್ಯಾಯಾಲಯದ ನಿಯಮಗಳಲ್ಲಿ ಅವಕಾಶವಿದ್ದಿತು. 1962ರ ಜನವರಿ 8ರಂದು ಆ ಮನವಿಯು ಅಲ್ಲಿಗೆ ತಲಪಿತು. ಸೆರೆಯಾಳುಗಳಿಂದ ಅಂತಹ ಅರ್ಜಿಗಳು ಪ್ರತಿ ವರ್ಷವೂ ರಾಶಿರಾಶಿಯಾಗಿ ಬರುತ್ತಿದ್ದವು. ಅವುಗಳಲ್ಲಿ ಬಹುಪಾಲು ತಿರಸ್ಕೃತವಾಗುತ್ತಿದ್ದವು. ಆದರೆ ಗಿಡಿಯನ್ನನ ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ಅದೇ ವರ್ಷದ ಜೂನ್ ತಿಂಗಳಿನಲ್ಲಿ ನ್ಯಾಯಾಲಯವು ಒಪ್ಪಿತು.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಹಿಂದಿನ ಕೆಲವು ತೀರ್ಪುಗಳನ್ನು ನೋಡಬೇಕು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಆರನೆಯ ತಿದ್ದುಪಡಿಯು, ಅಪರಾಧದ ಮೊಕದ್ದಮೆಯಲ್ಲಿ ಆಪಾದಿತನಿಗೆ ವಕೀಲನ ನೆರವು ಪಡೆಯುವ ಹಕ್ಕನ್ನು ನೀಡಿದ್ದಿತು. ಆದರೆ ಆ ನಿಯಮವು ಕೇಂದ್ರ ಸರ್ಕಾರದ ನ್ಯಾಯಾಲಯಗಳಿಗೆ ಮಾತ್ರ ಅನ್ವಯಿಸುವುದೆಂದು ಬಹುಕಾಲ ತಿಳಿಯಲಾಗಿದ್ದಿತು. ಬಹುಪಾಲು ಅಪರಾಧಗಳ ವಿಚಾರಣೆ ನಡೆಯುತ್ತಿದ್ದುದು ರಾಜ್ಯಗಳ ನ್ಯಾಯಾಲಯಗಳಲ್ಲಿ. ಅಲಬಾಮ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದ ಕೆಲವು ಬಡ ನೀಗ್ರೋ ತರುಣರ ಮೊಕದ್ದಮೆಯಲ್ಲಿ, ಅಂತಹ ಸಂದರ್ಭದಲ್ಲಿ ರಾಜ್ಯವು ವಕೀಲನನ್ನು ಒದಗಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 1932ರಲ್ಲಿ ತೀರ್ಪಿತ್ತಿತು. ಆದರೆ 1942ರಲ್ಲಿ ಬೆಟ್ಸ್ ಎಂಬ ಬಡ ಕೃಷಿಕಾರ್ಮಿಕನ ಮೊಕದ್ದಮೆ ಬಂದಾಗ ಆ ನ್ಯಾಯಾಲಯವು ಮುಂದಿನ ಹೆಜ್ಜೆಯನ್ನಿಡಲು ಹಿಂಜರಿಯಿತು. ಇತರ ಅಪರಾಧಗಳಲ್ಲಿ, ಆಪಾದಿತನು ಅನಕ್ಷರಸ್ಥನೋ ಬುದ್ಧಿಮಾಂದ್ಯನೋ ಆಗಿರುವಂತಹ ವಿಶೇಷ ಕಾರಣವಿದ್ದರೆ ಮಾತ್ರ ವಕೀಲನನ್ನು ಒದಗಿಸಬೇಕೆಂದು ಬಹುಮತದಿಂದ ಹೇಳಿತು. ಮೂವರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಅವರ ಪರವಾಗಿ ಭಿನ್ನಾಭಿಪ್ರಾಯವನ್ನು ಬರೆದವರು ಹ್ಯೂಗೋ ಬ್ಲ್ಯಾಕ್ ಎಂಬವರು. ಬೆಟ್ಸನ ಮೊಕದ್ದಮೆಯ ಈ ತೀರ್ಪು ಇಪ್ಪತ್ತು ವರ್ಷಗಳ ಕಾಲ ಬಡವರಿಗೆ ಅಡ್ಡಗೋಡೆಯಾಗಿ ನಿಂತಿತು. ಅದನ್ನು ಮರುಪರಿಶೀಲಿಸಬೇಕೇ ಎಂಬ ಪ್ರಶ್ನೆ ನ್ಯಾಯಮೂರ್ತಿಗಳ ಮನಸ್ಸನ್ನು ಕಾಡುತ್ತಿದ್ದ ಸಮಯಕ್ಕೆ ಗಿಡಿಯನ್ನನ ಮನವಿ ಬಂದಿತು. ಅವನು ಅನಕ್ಷರಸ್ಥನಲ್ಲ, ಬುದ್ಧಿಮಾಂದ್ಯನಲ್ಲ. ಯಾವ ವಿಶೇಷ ಕಾರಣವನ್ನೂ ಅವನು ಹೇಳಿಕೊಂಡಿರಲಿಲ್ಲ. ಆದುದರಿಂದ ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲೇಬೇಕಾಯಿತು.

ಪನಾಮ ಸಿಟಿಯ ನ್ಯಾಯಾಲಯದಲ್ಲಿ ವಕೀಲನಿಲ್ಲದೆ ನಿಂತಿದ್ದ ಗಿಡಿಯನ್ನನಿಗೆ ಸರ್ವೋಚ್ಚ ನ್ಯಾಯಾಲಯವು ಏಬ್ ಫೋರ್ಟಾಸ್ ಎಂಬ ಹೆಸರಾಂತ ನ್ಯಾಯವಾದಿಯನ್ನು ನೇಮಿಸಿಕೊಟ್ಟಿತು. ಫೋರ್ಟಾಸರು ಯಾವ ಸಂಭಾವನೆಯನ್ನೂ ಪಡೆಯದೆ ಈ ಕಾರ್ಯವನ್ನು ಕೈಗೊಂಡರು. ತನ್ನ ಜೀವನವೃತ್ತಾಂತವನ್ನು ತಿಳಿಸುವಂತೆ ಅವರು ಕೇಳಲಾಗಿ, ಗಿಡಿಯನ್ನನು ಸೆರೆಮನೆಯಿಂದ 22 ಪುಟಗಳ ಪತ್ರವನ್ನು ಬರೆದನು. ತನ್ನ ಕಳ್ಳತನಗಳನ್ನಾಗಲಿ, ಸೆರೆವಾಸಗಳನ್ನಾಗಲಿ ಅವನು ಅದರಲ್ಲಿ ಮರೆಮಾಚಲಿಲ್ಲ.

ಇತ್ತ ಫ್ಲಾರಿಡಾ ಸರ್ಕಾರವು ತನ್ನ ಪರವಾಗಿ ನಿಲ್ಲಬೇಕೆಂದು ಇತರ ರಾಜ್ಯಗಳನ್ನು ಕೇಳಿಕೊಂಡಿತು. ಆದರೆ ಆದುದು ಬೇರೆಯೇ. ಎರಡು ರಾಜ್ಯಗಳು ಮಾತ್ರ ಅದರ ಬೆಂಬಲಕ್ಕೆ ಬಂದವು. ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ವಾಲ್ಟರ್ ಮಾಂಡೇಲರು ಮೊದಲಾದವರ ಪ್ರಯತ್ನದಿಂದ 22 ರಾಜ್ಯಗಳು ಗಿಡಿಯನ್ನನ ಪಕ್ಷವನ್ನು ಎತ್ತಿಹಿಡಿದವು. ಅಪರಾಧಿಗಳನ್ನು ಶಿಕ್ಷಿಸುವ ಹೊಣೆಯನ್ನು ಹೊತ್ತ ರಾಜ್ಯಗಳೇ ಒಬ್ಬ ಸೆರೆಯಾಳಿನ ಪರವಾಗಿ ನಿಂತುದು ಅಪೂರ್ವವಾದ ಸಂಗತಿ.

1963ರ ಜನವರಿ 15ರಂದು ವಾದವಿವಾದ ನಡೆಯಿತು. ಒಬ್ಬ ಸಾಮಾನ್ಯ ಮನುಷ್ಯನು ವಕೀಲನ ನೆರವಿಲ್ಲದೆ ತನ್ನನ್ನು ರಕ್ಷಿಸಿಕೊಳ್ಳಲಾರನೆಂಬುದೇ ಫೋರ್ಟಾಸರ ವಾದದ ತಿರುಳು. ಇದಕ್ಕೆ ಅವರು ಕ್ಲಾರೆನ್ಸ್ ಡ್ಯಾರೋ ಎಂಬ ವಿಖ್ಯಾತ ನ್ಯಾಯವಾದಿಯ ನಿದರ್ಶನವನ್ನು ಕೊಟ್ಟರು. ಅಪರಾಧದ ಮೊಕದ್ದಮೆಗಳಲ್ಲಿ ಡ್ಯಾರೋವಿಗೆ ಸಮಾನರಿರಲಿಲ್ಲ. ಅಂತಹವನೇ ತನ್ನ ಮೇಲೆ ಆಪಾದನೆ ಬಂದಾಗ ಮತ್ತೊಬ್ಬ ವಕೀಲನನ್ನು ಗೊತ್ತುಮಾಡಿಕೊಂಡನು. ಹಾಗಿರುವಾಗ ಕಾನೂನಿನ ಗಂಧವೇ ಇಲ್ಲದ ಬಡವನ ಪಾಡೇನು?

ಮಾರ್ಚ್ 18ರಂದು ತೀರ್ಪು ಹೊರಬಿದ್ದಿತು. ಒಂಬತ್ತು ಮಂದಿ ನ್ಯಾಯಮೂರ್ತಿಗಳೂ ಗಿಡಿಯನ್ನನ ಪರವಾಗಿ ಒಮ್ಮತದಿಂದ ನಿರ್ಣಯಿಸಿದರು. ತೀರ್ಪನ್ನು ಬರೆದವರು ಹ್ಯೂಗೋ ಬ್ಲ್ಯಾಕ್. ಇಪ್ಪತ್ತೊಂದು ವರ್ಷಗಳ ಹಿಂದೆ ತಾವು ಭಿನ್ನಾಭಿಪ್ರಾಯವಾಗಿ ಬರೆದುದನ್ನು ಈಗ ಅವರು ದೇಶದ ಕಾನೂನಾಗಿ ಸಾರಿದರು. ಅಪರಾಧವನ್ನು ರುಜುವಾತುಪಡಿಸಲು ಸರ್ಕಾರಗಳು ಅಪಾರ ಹಣವನ್ನು ವೆಚ್ಚಮಾಡಿ ವಕೀಲರನ್ನು ನೇಮಿಸುತ್ತವೆ; ಹಣವಂತರಾದ ಆಪಾದಿತರೂ ಒಳ್ಳೆಯ ವಕೀಲರನ್ನೇ ಹುಡುಕುತ್ತಾರೆ; ಆದುದರಿಂದ ಅಪರಾಧದ ವಿಚಾರಣೆಯಲ್ಲಿ ವಕೀಲನು ಭೋಗವಸ್ತುವಲ್ಲ, ಅತ್ಯಾವಶ್ಯಕವೆಂದು ಅವರು ವಿವರಿಸಿದರು. ಘೋರ ಅಪರಾಧಗಳ ಆರೋಪ ಹೊತ್ತ ಬಡವರಿಗೆ ಇನ್ನು ಮುಂದೆ ಎಲ್ಲ ರಾಜ್ಯಗಳೂ ವಕೀಲರನ್ನು ಒದಗಿಸಬೇಕಾಯಿತು. ಅದೇ ದಿನ ಕ್ಯಾಲಿಫೋರ್ನಿಯಾದ ಬೇರೊಂದು ಮೊಕದ್ದಮೆಯಲ್ಲಿ, ಶಿಕ್ಷೆಯಾದ ಮೇಲೆ ಹಕ್ಕಿನಿಂದ ಸಲ್ಲಿಸುವ ಮೊದಲ ಮೇಲ್ಮನವಿಯಲ್ಲಿಯೂ ಬಡವನಿಗೆ ಈ ನೆರವು ದೊರೆಯಬೇಕೆಂದು ನ್ಯಾಯಾಲಯವು ಹೇಳಿತು.

ಸರ್ವೋಚ್ಚ ನ್ಯಾಯಾಲಯವು ಗಿಡಿಯನ್ನನನ್ನು ನಿರಪರಾಧಿಯೆಂದು ಸಾರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅವನು ಕಳ್ಳತನ ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಉದ್ಭವಿಸಲಿಲ್ಲ. ಅವನ ವಿಚಾರಣೆ ನ್ಯಾಯವಾದ ರೀತಿಯಲ್ಲಿ ನಡೆಯಿತೇ ಎಂಬುದಷ್ಟನ್ನೇ ಆ ನ್ಯಾಯಾಲಯವು ನೋಡಿತು. ಆದುದರಿಂದ ಅವನು ಮತ್ತೆ ವಿಚಾರಣೆಯನ್ನು ಎದುರಿಸಬೇಕಾಯಿತು.

1963ರ ಆಗಸ್ಟ್ 5ರಂದು ಎರಡನೆಯ ವಿಚಾರಣೆ ನಡೆಯಿತು. ಊರು ಅದೇ, ನ್ಯಾಯಾಧೀಶರಾದ ಮೆಕ್ರೇರಿಯವರೂ ಅವರೇ, ಆರೋಪವೂ ಅದೇ. ಆದರೆ ಈ ಸಲ ಗಿಡಿಯನ್ನನ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರಿದ್ದರು. ಟರ್ನರರು ಮೊದಲೇ ಊರಿನಲ್ಲಿ ಸುತ್ತಾಡಿ, ಸಾಕ್ಷಿಗಳ ವಿಷಯವನ್ನೆಲ್ಲ ವಿಚಾರಿಸಿ, ಸಿದ್ಧರಾಗಿ ಬಂದಿದ್ದರು. ಗಿಡಿಯನ್ನನನ್ನು ಕಂಡೆನೆಂದು ಹೇಳಿದವನು ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಬಂದಿದ್ದನು, ಕಂಡಕೂಡಲೇ ಪೊಲೀಸರಿಗೇಕೆ ತಿಳಿಸಲಿಲ್ಲವೆಂದು ಪ್ರಶ್ನಿಸಿದರು. ಇನ್ನೊಬ್ಬ ಸಾಕ್ಷಿ ಟ್ಯಾಕ್ಸಿಯ ಚಾಲಕ. ತನ್ನನ್ನು ಕರೆದೊಯ್ದ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ಅಂದು ಗಿಡಿಯನ್ನನು ಅವನಿಗೆ ಸೂಚಿಸಿದ್ದನು. ಮೊದಲ ವಿಚಾರಣೆಯಲ್ಲಿ ಈ ಮಾತು ಗಿಡಿಯನ್ನನ ಮೇಲೆ ಸಂಶಯವನ್ನು ಹೆಚ್ಚಿಸಿದ್ದಿತು. ಈ ಹಿಂದೆಯೂ ಅವನು ಹಾಗೆ ಹೇಳಿದ್ದುಂಟೇ ಎಂದು ಟರ್ನರರು ಕೇಳಿದರು. ಉಂಟು ಎಂದು ಚಾಲಕನು ಒಪ್ಪಿದನು. ಹೆಂಡತಿಯೊಡನೆ ವಿರಸವಿದ್ದುದರಿಂದ ಗಿಡಿಯನ್ನನು ಹಾಗೆ ಹೇಳುವುದು ರೂಢಿಯೆಂಬುದು ಆಗ ಬೆಳಕಿಗೆ ಬಂದಿತು. ಒಂದೇ ಪ್ರಶ್ನೆಯಿಂದ ಆ ಸಂಶಯವು ಕರಗಿಹೋಯಿತು. ಜೇಬಿನಲ್ಲಿದ್ದ ಚಿಲ್ಲರೆ ಹಣ ಜೂಜಿನಲ್ಲಿ ಬಂದುದೆಂದು ಗಿಡಿಯನ್ನನು ತಾನೇ ಸಾಕ್ಷಿ ನುಡಿದನು. ಜ್ಯೂರಿಗಳು ಸುಮಾರು ಒಂದು ಗಂಟೆಯ ಕಾಲ ಆಲೋಚಿಸಿ, ಅವನು ತಪ್ಪಿತಸ್ಥನಲ್ಲವೆಂದು ಸಾರಿದರು. ಎರಡು ವರ್ಷಗಳ ಸೆರೆವಾಸದ ಅನಂತರ ಗಿಡಿಯನ್ನನು ಸ್ವತಂತ್ರನಾದನು.

ಅವನ ಮೊಕದ್ದಮೆಯ ಫಲವನ್ನು ಅವನಂತಹ ಅಸಂಖ್ಯಾತ ಬಡವರು ಪಡೆದರು. ವಕೀಲನಿಲ್ಲದೆ ಶಿಕ್ಷೆಗೊಳಗಾಗಿದ್ದ ಸಾವಿರಾರು ಬಂದಿಗಳು ಫ್ಲಾರಿಡಾ ಒಂದರಲ್ಲಿಯೇ ಮರುವಿಚಾರಣೆಯನ್ನು ಕೋರಿದರು. ಅವರಲ್ಲಿ ಅನೇಕರಿಗೆ ಬಿಡುಗಡೆಯಾಯಿತು. ಅದೇ ವರ್ಷ ಆ ರಾಜ್ಯವು ಶಾಸನವೊಂದನ್ನು ಮಾಡಿ, ಬಡವರ ಪರವಾಗಿ ವಾದಿಸುವುದಕ್ಕಾಗಿಯೇ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ನೇಮಿಸಿತು. ಆಪಾದಿತರ ಹಕ್ಕುಗಳನ್ನು ಕುರಿತ ಇನ್ನೂ ಕೆಲವು ಮಹತ್ತ್ವದ ತೀರ್ಪುಗಳು ಇದರ ಬೆನ್ನಲ್ಲೇ ಬಂದವು. ಬಂಧಿತನಾದವನನ್ನು ಪ್ರಶ್ನಿಸುವ ಮೊದಲು, ಮೌನವಾಗಿರುವ ಹಕ್ಕೂ ವಕೀಲನ ನೆರವು ಪಡೆಯುವ ಹಕ್ಕೂ ಅವನಿಗೆ ಇವೆಯೆಂದು ಪೊಲೀಸರು ತಿಳಿಸಬೇಕೆಂಬ ನಿಯಮವು 1966ರಲ್ಲಿ ಮಿರಾಂಡ ಎಂಬವನ ಮೊಕದ್ದಮೆಯಲ್ಲಿ ರೂಪುಗೊಂಡಿತು.

ನಮ್ಮ ದೇಶದಲ್ಲಿಯೂ ಈ ತೀರ್ಪಿನ ಪ್ರಭಾವವನ್ನು ಕಾಣಬಹುದು. ಬಿಹಾರದ ಸೆರೆಮನೆಗಳಲ್ಲಿ ಅನೇಕ ಬಡವರು ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಷಯವು 1979ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಬಡ ಆಪಾದಿತನಿಗೆ ವಕೀಲನನ್ನು ಒದಗಿಸದ ವಿಚಾರಣೆಯು ನ್ಯಾಯಸಮ್ಮತವಲ್ಲವೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಹೇಳುವಾಗ ಗಿಡಿಯನ್ನನ ಮೊಕದ್ದಮೆಯನ್ನು ಸ್ಮರಿಸಿದರು. ಅದಕ್ಕೆ ಮುಂಚೆ, 1976ರ ನಲವತ್ತೆರಡನೆಯ ತಿದ್ದುಪಡಿಯ ಮೂಲಕ, ಬಡವರಿಗೆ ಉಚಿತ ಕಾನೂನು ನೆರವನ್ನು ಒದಗಿಸಬೇಕೆಂಬ ಆದೇಶವು ನಮ್ಮ ಸಂವಿಧಾನವನ್ನು ಸೇರಿದ್ದಿತು.

ಬಿಡುಗಡೆಯ ಅನಂತರ ಗಿಡಿಯನ್ನನು ಶ್ರೀಮಂತನಾಗಲಿಲ್ಲ. ಅವನ ಕಥೆಯನ್ನು ಕುರಿತು ಪತ್ರಿಕೋದ್ಯಮಿ ಆಂಟನಿ ಲೂಯಿಸರು 1964ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದು ಲೋಕಪ್ರಸಿದ್ಧವಾಯಿತು. ಗಿಡಿಯನ್ನನು ಮಾತ್ರ ಎಂದಿನಂತೆ ಬಡತನದಲ್ಲಿಯೇ ಬಾಳಿ, 1972ನೆಯ ಇಸವಿ ಜನವರಿ 18ರಂದು ಫ್ಲಾರಿಡಾದಲ್ಲಿ ನಿಧನಹೊಂದಿದನು. ಹುಟ್ಟಿದೂರಾದ ಹ್ಯಾನಿಬಲ್ಲಿನಲ್ಲಿ ಅವನನ್ನು ಸಮಾಧಿಮಾಡಿದರು. ಮೊದಲು ಆ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಮುಂದೆ ಅವನ ಅಭಿಮಾನಿಗಳು ಅಲ್ಲಿ ಶಿಲೆಯೊಂದನ್ನು ನಿಲ್ಲಿಸಿ, ಅವನು ಫೋರ್ಟಾಸರಿಗೆ ಬರೆದ ಪತ್ರದ ಒಂದು ವಾಕ್ಯವನ್ನು ಕೆತ್ತಿಸಿದರು. ಮಾನವಕುಲದ ಹಿತಕ್ಕಾಗಿ ಕಾಲಕಾಲಕ್ಕೆ ಕಾನೂನು ಉತ್ತಮಗೊಳ್ಳುತ್ತ ಹೋಗುವುದೆಂಬುದು ಅದರ ಭಾವ.

ಗಿಡಿಯನ್ನನು ಸದ್ಗುಣಗಳಿಗೆ ಹೆಸರಾದವನಲ್ಲ. ಅವನ ಬಾಳಿನಲ್ಲಿ ನಾವು ಅನುಸರಿಸಬಾರದ ಸಂಗತಿಗಳೇ ಹೆಚ್ಚು. ಆದರೆ ನ್ಯಾಯವಾದ ವಿಚಾರಣೆಯು ಸಜ್ಜನರಿಗೆ ಮಾತ್ರ ದೊರೆಯುವ ಬಹುಮಾನವಲ್ಲ. ಅದು ನ್ಯಾಯಾಲಯದ ಮುಂದೆ ನಿಂತ ಪ್ರತಿಯೊಬ್ಬ ಮನುಷ್ಯನ ಹಕ್ಕು. ಹಿಂದೆ ಕಳ್ಳನಾಗಿದ್ದವನು ಈ ಕಳ್ಳತನವನ್ನೂ ಮಾಡಿರಬೇಕೆಂದು ಊಹಿಸುವುದು ಸುಲಭ. ಹಾಗೆ ಊಹಿಸದೆ, ಅವನ ಮಾತನ್ನೂ ಕ್ರಮವಾಗಿ ಕೇಳಿ ನಿರ್ಣಯಿಸುವುದೇ ನ್ಯಾಯ. ಸೆರೆಮನೆಯ ಕೋಣೆಯಲ್ಲಿ ಕುಳಿತು ತಪ್ಪುತಪ್ಪಾದ ಅಕ್ಷರಗಳಲ್ಲಿ ಮನವಿ ಬರೆದ ಒಬ್ಬ ಬಡವನ ಮಾತನ್ನು ಒಂದು ದೇಶದ ಅತ್ಯುನ್ನತ ನ್ಯಾಯಾಲಯವು ಕಿವಿಗೊಟ್ಟು ಆಲಿಸಿತು. ಅವನ ಮಾತು ಸರಿಯೆಂದು ಕಂಡಾಗ ತನ್ನ ಹಿಂದಿನ ತೀರ್ಪನ್ನೇ ತಿದ್ದಿಕೊಂಡಿತು. ಗಿಡಿಯನ್ನನ ಹಟವೂ ಆ ನ್ಯಾಯಾಲಯದ ಪ್ರಾಮಾಣಿಕತೆಯೂ ಕೂಡಿದ್ದರಿಂದಲೇ ಈ ಸುಧಾರಣೆ ಸಾಧ್ಯವಾಯಿತು.